ಹೊಳೆಯಾಚೆಯ ಹಳೆಯ ಊರು ಆನೆಗೊಂದಿ

ಹಂಪೆ, ಕಂಪ್ಲಿ, ಸಂಡೂರುಗಳನ್ನು ಕುರಿತು ಈ ಅಂಕಣದಲ್ಲಿ ನಾವು ಹಿಂದೆ ಬರೆದುದನ್ನು ಓದಿದ ಸೋದರಿಯೊಬ್ಬರು ಹೊಸಪೇಟೆಯಿಂದ ಪತ್ರ ಬರೆದಿದ್ದಾರೆ. ಅವರ ತವರು ಆನೆಗೊಂದಿ. ಪತ್ರದಲ್ಲಿ ಪ್ರೀತಿಯಿದೆ, ಅದರೊಡನೆ ಒಂದಿಷ್ಟು ಮುನಿಸೂ ಇದೆ. "ಹೊಳೆಯ ಈ ದಂಡೆಯ ಕಲ್ಲುಕಲ್ಲಿನ ಕಥೆಯನ್ನೂ ಹೇಳುವ ತಾವು ಆ ದಂಡೆಯ ನಮ್ಮೂರನ್ನು ಮರೆತಿರೇಕೆ? ಅಲ್ಲಿ ಇನ್ನೂ ಒಲೆ ಉರಿಯುತ್ತಿರುವುದೇ ತಪ್ಪಾಯಿತೇ?" ಎಂದು ಕೇಳಿದ್ದಾರೆ.

ಪತ್ರವನ್ನು ಓದಿ ನಾವು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಸೋದರಿಯ ಮಾತು ನಿಜ. ಪಾಳುಬಿದ್ದುದನ್ನು ಚರಿತ್ರೆಯೆಂದು ಕರೆಯುವುದು ನಮಗೆಲ್ಲ ರೂಢಿಯಾಗಿದೆ. ಗೋಡೆ ಕುಸಿದು ಗಿಡ ಬೆಳೆದಲ್ಲಿ ಫಲಕ ನೆಟ್ಟು ಕೈಮುಗಿಯುತ್ತೇವೆ. ಅದೇ ಗೋಡೆಯ ಪಕ್ಕದಲ್ಲಿ ಒಬ್ಬ ತಾಯಿ ರೊಟ್ಟಿ ಬಡಿಯುತ್ತಿದ್ದರೆ ಅದನ್ನು ಬರಿಯ ಹಳ್ಳಿಯೆಂದು ದಾಟಿ ಹೋಗುತ್ತೇವೆ. ಹಂಪೆಗೆ ಹತ್ತು ಸಲ ಹೋದ ಹೊಸಪೇಟೆಯ ಎಷ್ಟೋ ಕುಟುಂಬಗಳು ಕಣ್ಣಳತೆಯಲ್ಲಿರುವ ಆನೆಗೊಂದಿಯ ಬೀದಿಯಲ್ಲಿ ಒಮ್ಮೆಯೂ ನಡೆದಿಲ್ಲ. ಆದುದರಿಂದ ಈ ತಿಂಗಳ ಬರಹ ಆ ಊರಿಗೆ ಮೀಸಲು.

ಹೊಸಪೇಟೆಯಿಂದ ಕಮಲಾಪುರಕ್ಕೆ ಬಂದು, ಅಲ್ಲಿಂದ ಎಡಕ್ಕೆ ಹಾಳುಪಟ್ಟಣದ ನಡುವೆ ಸಾಗಿದರೆ ತಳವಾರಘಟ್ಟದ ಹೆಬ್ಬಾಗಿಲನ್ನು ಹಾದು ತುಂಗಭದ್ರೆಯ ದಂಡೆಗೆ ಬಂದು ನಿಲ್ಲುತ್ತೇವೆ. ಎದುರು ದಂಡೆಯಲ್ಲಿ, ರಾಶಿ ಹಾಕಿದಂತಿರುವ ಹೆಬ್ಬಂಡೆಗಳ ಮಡಿಲಲ್ಲಿ, ಬಾಳೆಯ ತೋಟ ಬತ್ತದ ಗದ್ದೆಗಳ ಹಸಿರಿನ ಅಂಚಿನಲ್ಲಿ ಆನೆಗೊಂದಿ ಕಾಣುತ್ತದೆ. ಇಂದು ಅದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಗ್ರಾಮ. ಆನೆಯ ಗುಂಡಿ ಎಂಬುದೇ ಆನೆಗೊಂದಿಯಾಯಿತೆಂದು ಬಲ್ಲವರು ಹೇಳುತ್ತಾರೆ. ಸಂಸ್ಕೃತದಲ್ಲಿ ಬರೆದವರು ಅದನ್ನೇ ಹಸ್ತಿನಾವತಿ, ಕುಂಜರಕೋಣ ಎಂದು ಮಾಡಿಕೊಂಡರು. ಊರವರ ಬಾಯಲ್ಲಿ ಉಳಿದುದು ಮಾತ್ರ ಅಚ್ಚಗನ್ನಡದ ಹೆಸರು.

ಈ ನೆಲದಲ್ಲಿ ಮನುಷ್ಯ ವಾಸ ಮಾಡಿದ್ದು ರಾಜ್ಯಗಳು ಹುಟ್ಟುವುದಕ್ಕಿಂತ ಬಹಳ ಮೊದಲು. ಊರಿನ ಹತ್ತಿರದ ಒನಕೆ ಕಿಂಡಿಯ ಬಂಡೆಗಳ ಮೇಲೆ ಪ್ರಾಚೀನ ಮಾನವನು ಬರೆದ ಚಿತ್ರಗಳಿವೆ. ಗಂಗಾವತಿಯ ಕಡೆಗೆ ಸಾಗಿದರೆ ಸಿಗುವ ಹಿರೇಬೆಣಕಲ್ಲಿನ ಗುಡ್ಡದ ನೆತ್ತಿಯಲ್ಲಿ ಚಪ್ಪಡಿಗಳಿಂದ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. ಜನರು ಅದನ್ನು ಮೋರ್ಯರ ಗುಡ್ಡವೆನ್ನುತ್ತಾರೆ. ಸುತ್ತಲಿನ ಪ್ರತಿಯೊಂದು ಬೆಟ್ಟವೂ ರಾಮಾಯಣದ ಕಿಷ್ಕಿಂಧೆಯೊಡನೆ ಬೆಸೆದುಕೊಂಡಿದೆ. ಆಂಜನೇಯನು ಹುಟ್ಟಿದನೆನ್ನುವ ಅಂಜನಾದ್ರಿ, ಪಂಪಾ ಸರೋವರ, ಶಬರಿಯ ಗುಹೆ, ವಾಲಿಯ ಭಂಡಾರ ಇವೆಲ್ಲ ಇಲ್ಲಿ ದನಕಾಯುವ ಹುಡುಗನಿಗೂ ಗೊತ್ತಿರುವ ಗುರುತುಗಳು.

ರಾಜ್ಯಗಳ ಕಾಲಕ್ಕೆ ಬಂದರೆ, 14ನೆಯ ಶತಮಾನದ ಮೊದಲ ಭಾಗದಲ್ಲಿ ಈ ಸೀಮೆ ಕಂಪಿಲರಾಯನ ಅಧೀನದಲ್ಲಿತ್ತು. ಕಂಪ್ಲಿ ಅವನ ಹೆಸರಿನೊಡನೆ ಕೂಡಿಕೊಂಡ ಊರು. ಕುಮ್ಮಟದುರ್ಗ ಅವನ ಬಲವಾದ ಕೋಟೆ. ದೆಹಲಿಯ ಮಹಮದ್ ಬಿನ್ ತುಘಲಕನ ಮೇಲೆ ತಿರುಗಿಬಿದ್ದ ಬಹಾಉದ್ದೀನ ಗುರ್ಷಾಸ್ಪನು ಓಡಿಬಂದು ಆಶ್ರಯ ಬೇಡಿದಾಗ ಕಂಪಿಲನು ಅವನನ್ನು ಬಿಟ್ಟುಕೊಡಲಿಲ್ಲ. ಅದರ ಫಲವಾಗಿ 1327ರ ಸುಮಾರಿಗೆ ದೆಹಲಿಯ ಸೇನೆ ಬಂದು ರಾಜ್ಯವನ್ನು ನೆಲಸಮ ಮಾಡಿತು. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರೆಂದೂ ಕಂಪಿಲನು ಹೋರಾಡಿ ಮಡಿದನೆಂದೂ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಅವನ ಮಗ ಕುಮಾರರಾಮನ ಕಥೆ ನಂಜುಂಡ ಕವಿಯ ಕಾವ್ಯವಾಗಿದೆ, ಹಳ್ಳಿಗಳಲ್ಲಿ ಪೂಜೆಯಾಗಿದೆ. ಆ ಬೂದಿಯಿಂದಲೇ ಹರಿಹರ-ಬುಕ್ಕರ ರಾಜ್ಯ ಮೇಲೆದ್ದಿತು. ವಿಜಯನಗರದ ಸ್ಥಾಪನೆಗೆ ಪರಂಪರೆ ಹೇಳುವ ವರ್ಷ 1336. ಹೊಳೆಯ ತೆಂಕಣ ದಂಡೆಯಲ್ಲಿ ಹೊಸ ಪಟ್ಟಣ ಎದ್ದು ನಿಲ್ಲುವ ಮೊದಲು ಅರಸರ ನೆಲೆ ಆನೆಗೊಂದಿಯಾಗಿತ್ತೆಂಬುದು ಇಲ್ಲಿನವರ ಹೆಮ್ಮೆ. 1535ರ ಸುಮಾರಿಗೆ ವಿಜಯನಗರದ ಇತಿಹಾಸ ಬರೆದ ಪೋರ್ತುಗೀಸ್ ವ್ಯಾಪಾರಿ ನೂನಿಜ್ ಕೂಡ ತನ್ನ ಕಥೆಯನ್ನು ಆನೆಗೊಂದಿಯಿಂದಲೇ ಆರಂಭಿಸುತ್ತಾನೆ.

ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಬ್ಬ ಪೋರ್ತುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನ ಮಾತು. ಅವನು ಬಂದುದು ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ. ವಿಜಯನಗರ ಅಂದು ತನ್ನ ಏಳಿಗೆಯ ತುದಿಯಲ್ಲಿತ್ತು. ಆಗಲೇ ಅವನು ಆನೆಗೊಂದಿಯನ್ನು ಹಳೆಯ ಊರೆಂದು ಕರೆದಿದ್ದಾನೆ. ಹಿಂದೆ ಇದೇ ರಾಜಧಾನಿಯಾಗಿತ್ತಂತೆ, ಈಗ ಕೆಲವೇ ಜನರಿದ್ದಾರೆ, ಗೋಡೆಗಳು ಮಾತ್ರ ಇನ್ನೂ ಗಟ್ಟಿಯಾಗಿವೆ, ಎರಡು ಬೆಟ್ಟಗಳ ನಡುವಿನ ಈ ಊರಿಗೆ ಇರುವುದು ಎರಡೇ ದಾರಿ, ಅರಸನ ಪರವಾಗಿ ಒಬ್ಬ ದಳಪತಿ ಇಲ್ಲಿರುತ್ತಾನೆ, ಇದು ಅವನ ವರದಿಯ ಸಾರ. ಹೊಳೆ ದಾಟಲು ಬುಟ್ಟಿಯಂತೆ ದುಂಡಗಿರುವ ದೋಣಿಗಳಿದ್ದುವೆಂದೂ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಅವುಗಳಲ್ಲಿ ಹದಿನೈದಿಪ್ಪತ್ತು ಜನ ಕೂರಬಹುದೆಂದೂ, ಹುಟ್ಟು ಹಾಕಿದಂತೆಲ್ಲ ಅವು ಸುತ್ತುತ್ತ ಸಾಗುತ್ತವೆಂದೂ ಬರೆದಿದ್ದಾನೆ. ಹರಿಗೋಲನ್ನು ಹತ್ತಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಚರ್ಮದ ಬದಲು ಪ್ಲಾಸ್ಟಿಕ್ಕಿನ ಹಾಳೆ, ಡಾಂಬರು ಬಂದಿವೆ. ತಲೆ ತಿರುಗುವುದು ಹಾಗೆಯೇ ಇದೆ.

ಐದು ನೂರು ವರ್ಷಗಳ ಹಿಂದೆಯೇ 'ಹಳೆಯದು, ಜನವಿರಳ' ಎನಿಸಿಕೊಂಡಿದ್ದ ಊರು ಇಂದಿಗೂ ಊರಾಗಿದೆ. ಪಾಯೆಸನು ಬೆರಗಾಗಿ ನೋಡಿದ ಆ ದಂಡೆಯ ಮಹಾನಗರವಾದರೋ 1565ರ ರಕ್ಕಸತಂಗಡಿ ಯುದ್ಧದ ಬಳಿಕ ಕೆಲವೇ ತಿಂಗಳಲ್ಲಿ ಹಾಳಾಯಿತು. ಅರಸರು ಪೆನುಗೊಂಡೆಗೆ ಹೋದರು. ಆನೆಗೊಂದಿಯಲ್ಲಿ ಒಕ್ಕಲಿಗ ಉಳಿದ, ಅಂಬಿಗ ಉಳಿದ, ಮಠ ಉಳಿಯಿತು. ಮುಂದೆ ಅರವೀಡು ವಂಶಸ್ಥರೆನ್ನುವ ಸಂಸ್ಥಾನಿಕರೂ ಇಲ್ಲಿ ನೆಲೆಯೂರಿದರು. ಆ ಮನೆತನದ ಶ್ರೀರಂಗದೇವರಾಯಲು ನಮ್ಮ ಕಾಲದಲ್ಲಿ ಶಾಸಕರೂ ಸಚಿವರೂ ಆಗಿದ್ದುದು ಓದುಗರಿಗೆ ನೆನಪಿರಬಹುದು.

ವಿಜಯನಗರದ ಕಾಲದಲ್ಲಿ ಈ ಹೊಳೆ ಒಂದೇ ಪಟ್ಟಣದ ಎರಡು ಓಣಿಗಳ ನಡುವೆ ಹರಿಯುವ ನೀರಿನಂತಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ದಿನದಿಂದ ಅದೇ ಹೊಳೆ ಎರಡು ಸರಕಾರಗಳ ಗಡಿಯಾಯಿತು. ಈ ದಂಡೆಯಲ್ಲಿ ಮದ್ರಾಸು ಪ್ರಾಂತ, ಆ ದಂಡೆಯಲ್ಲಿ ಹೈದರಾಬಾದು ಸಂಸ್ಥಾನ. ಇಲ್ಲಿ ಕಲೆಕ್ಟರರ ಕಚೇರಿ, ಅಲ್ಲಿ ಉರ್ದುವಿನಲ್ಲಿ ಬರೆದ ಕಂದಾಯದ ಕಾಗದ. ಇಲ್ಲಿ ಕಂಪನಿಯ ರೂಪಾಯಿ, ಅಲ್ಲಿ ಹಾಲಿ ಸಿಕ್ಕಾ. ಮಾತು, ಊಟ, ಬೀಗತನ ಎರಡೂ ಕಡೆ ಒಂದೇ. ರಜಾಕಾರರ ಹಾವಳಿಯ ಕಾಲದಲ್ಲಿ ಗಂಗಾವತಿ, ಕೊಪ್ಪಳ ಸೀಮೆಯ ಅನೇಕ ಕುಟುಂಬಗಳು ಗಡಿ ದಾಟಿ ಬಂದು ನೆಂಟರ ಮನೆಗಳಲ್ಲಿ ತಲೆಮರೆಸಿಕೊಂಡವು. 1948ರ ಸೆಪ್ಟೆಂಬರಿನಲ್ಲಿ ಆ ದಂಡೆ ಬಿಡುಗಡೆ ಕಂಡಿತು. ಹೊಸಪೇಟೆ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆನೆಗೊಂದಿ ಸೇರಿದ್ದು 1956ರ ನವೆಂಬರ್ 1ರಂದು. ಒಂದೂವರೆ ಶತಮಾನದ ಮೇಲೆ ಎರಡು ದಂಡೆಗಳಿಗೆ ಒಂದೇ ಸರಕಾರವಾಯಿತು. ಆದರೂ ಜಿಲ್ಲೆ ಒಂದಾಗಲಿಲ್ಲ. 1997ರಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾಯಿತು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ವಿಜಯನಗರದ ತೊಟ್ಟಿಲು ವಿಜಯನಗರ ಜಿಲ್ಲೆಯ ಹೊರಗಿದೆ!

ಗಡಿ ಹೋದರೂ ಹೊಳೆ ಹೋಗಲಿಲ್ಲವಷ್ಟೆ. ಅದರ ಅನುಭವ ನಮಗೇ ಆಗಿದೆ.

1994ರ ಮಳೆಗಾಲ. ನಮ್ಮ ಸೋದರಮಾವನವರ ಮಗನಿಗೆ ಕನ್ಯೆ ನೋಡಲೆಂದು ನಾವು ಐದಾರು ಮಂದಿ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ ಆನೆಗೊಂದಿಗೆ ಹೋಗಿದ್ದೆವು. ಮನೆತನ ಒಳ್ಳೆಯದು, ಹುಡುಗಿ ಲಕ್ಷಣವಂತೆ, ಮಾತುಕತೆ ಚೆನ್ನಾಗಿ ನಡೆಯಿತು. ಅವಲಕ್ಕಿ ಚಹ ಮುಗಿಸಿ ದಂಡೆಗೆ ಮರಳಿ ಬಂದಾಗ ಹೊಳೆಯ ಬಣ್ಣವೇ ಬೇರೆಯಾಗಿತ್ತು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಬೆಳಿಗ್ಗೆ ಕಾಲಿಟ್ಟಿದ್ದ ಕಲ್ಲುಗಳು ಕಾಣದಾಗಿದ್ದವು. ಅಂಬಿಗನು ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿ, ಅದರ ಮೇಲೆ ಕುಳಿತು ಬೀಡಿ ಸೇದುತ್ತಿದ್ದ. "ಇವತ್ತು ಆಗಂಗಿಲ್ರೀ ಯಜಮಾನ್ರ. ಗಂಗಮ್ಮ ಕೇಳಂಗಿಲ್ಲ," ಎಂದ. ಗಂಗಾವತಿಗೆ ಹೋಗಿ ಕಂಪ್ಲಿಯ ಸೇತುವೆಯ ಮೇಲೆ ಬರೋಣವೆಂದರೆ ಅದೂ ಮುಳುಗಿದೆಯೆಂಬ ಸುದ್ದಿ ಬಂದಿತು.

ಸಂಬಂಧ ಕೂಡುವ ಮೊದಲೇ ಕನ್ಯೆಯ ಮನೆಯಲ್ಲಿ ರಾತ್ರಿ ತಂಗುವುದು ಚೆನ್ನಲ್ಲ. ಏನು ಮಾಡುವುದೆಂದು ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಮೂರು ಮನೆಗಳಾಚೆಯ ವೃದ್ಧರೊಬ್ಬರು ಬಂದು, "ನೀರು ಇಳಿಯೋತನಕ ನೀವು ನಮ್ಮ ಮನಿಯವರು, ನಡೀರಿ," ಎಂದು ಕರೆದೊಯ್ದರು. ಒಂದು ರಾತ್ರಿಯೆಂದುಕೊಂಡದ್ದು ಎರಡು ರಾತ್ರಿಯಾಯಿತು. ಆ ತಾಯಿ ನಮಗಾಗಿ ಪೂಜೆಯ ನೀರು ಕಾಯಿಸಿಕೊಟ್ಟರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿದರು. ತೋಟದ ಬಾಳೆಯ ಗೊನೆಯನ್ನೇ ಮುಂದೆ ತಂದಿಟ್ಟರು. ಅಂದು ಆ ಮನೆಯವರಿಗೆ ನಾವು ಯಾರೂ ಅಲ್ಲ.

ಆ ಎರಡು ದಿನಗಳಲ್ಲಿ ಅಜ್ಜನವರು ನಮಗೆ ಊರನ್ನು ತೋರಿಸಿದರು. ಊರಿನ ನಟ್ಟನಡುವೆ ರಂಗನಾಥಸ್ವಾಮಿಯ ಗುಡಿ, ಅದರ ಎದುರಿನ ಬಯಲಿನಲ್ಲಿ ಮರದ ತೇರು, ಬಯಲಿನ ಅಂಚಿಗೆ ಗಗನಮಹಲು. ಮಹಲೆಂದರೆ ಹಂಪೆಯ ಕಮಲಮಹಲಿನಂಥದಲ್ಲ, ಕಮಾನಿನ ಕಿಟಕಿಗಳುಳ್ಳ ಸಾಧಾರಣ ಎತ್ತರದ ಕಟ್ಟಡ. ಅದರ ನೆರಳಿನಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು, ಮುದುಕರು ಮಾತಾಡುತ್ತಿದ್ದರು. ಬಯಲಿನಿಂದ ಓಣಿಗಳು ಕವಲೊಡೆದು ಕೋಟೆಯ ಬಾಗಿಲುಗಳ ಕಡೆಗೆ ಹೋಗುತ್ತವೆ. ಓಣಿಯ ಎರಡೂ ಬದಿಗೆ ಜಗಲಿಯ ಮನೆಗಳು. ದಪ್ಪ ಕಲ್ಲುಮಣ್ಣಿನ ಗೋಡೆ, ಕೆತ್ತನೆಯ ಬಾಗಿಲುವಾಡ, ತೊಲೆ ಜಂತಿಗಳ ಮೇಲೆ ಸವಳು ಮಣ್ಣು ಹಾಸಿದ ಮಾಳಿಗೆ, ನಡುವೆ ಬೆಳಕಿಂಡಿ. ಹೊರಗೆ ಬಿಸಿಲು ಕಾದ ಬಂಡೆಯಂತಿದ್ದರೂ ಒಳಗೆ ತಂಪು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೆಳೆದವರಿಗೆ ಈ ಮನೆಯನ್ನು ವರ್ಣಿಸಬೇಕಾಗಿಲ್ಲ. ಆದರೆ ಇಂದಿನ ಮಕ್ಕಳಿಗೆ ವರ್ಣಿಸಿ ಹೇಳಬೇಕಾಗಿದೆ.

ಹೊಳೆಯ ಹತ್ತಿರ ಹುಚ್ಚಪ್ಪಯ್ಯನ ಮಠವಿದೆ. ನುಣುಪಾದ ಕಪ್ಪು ಕಲ್ಲಿನ ಕಂಬಗಳು, ನರ್ತಿಸುವವರ ಉಬ್ಬುಶಿಲ್ಪಗಳು, ಚಾವಣಿಯ ಮೇಲೆ ಮಾಸಿದ ವರ್ಣಚಿತ್ರಗಳು. ಹಂಪೆಯ ವಿರೂಪಾಕ್ಷನ ರಂಗಮಂಟಪದ ಚಿತ್ರಗಳನ್ನು ತಲೆಯೆತ್ತಿ ನೋಡುವ ಯಾತ್ರಿಕರಲ್ಲಿ ಇಲ್ಲಿಗೆ ಬರುವವರು ವಿರಳ. ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ಈ ರಾಜಧಾನಿಯಲ್ಲಿದ್ದರೆಂದು ನಮ್ಮ ಪರಂಪರೆ ಹೇಳುತ್ತದೆ. ಲಕ್ಕಣ್ಣ ದಂಡೇಶನ 'ಶಿವತತ್ತ್ವಚಿಂತಾಮಣಿ', ಚಾಮರಸನ 'ಪ್ರಭುಲಿಂಗಲೀಲೆ' ಹುಟ್ಟಿದ್ದು ಆ ಕಾಲದಲ್ಲಿಯೇ. ಅಂಥ ಪರಿಸರದ ಕುರುಹುಗಳನ್ನು ನಾವು ಪುಸ್ತಕದಲ್ಲಿ ಹುಡುಕುತ್ತೇವೆ, ಹೊಳೆ ದಾಟಿ ನೋಡುವುದಿಲ್ಲ.

ಮಠದಿಂದ ಅಷ್ಟು ದೂರದಲ್ಲಿ, ಹೊಳೆಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ನವಬೃಂದಾವನವಿದೆ. ಕೃಷ್ಣದೇವರಾಯನಿಗೆ ಗುರುಗಳೆನಿಸಿದ್ದ ವ್ಯಾಸರಾಯರ ಬೃಂದಾವನವೂ ಅಲ್ಲಿಯೇ. ಅದರ ಸಮೀಪದ ಅರುವತ್ತನಾಲ್ಕು ಕಂಬಗಳ ಮಂಟಪವನ್ನು ಜನರು ಕೃಷ್ಣದೇವರಾಯನ ಸಮಾಧಿಯೆನ್ನುತ್ತಾರೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷ ಎರಡೂ ಮುಳುಗುತ್ತವೆ. 2019ರ ಜುಲೈಯಲ್ಲಿ ನಿಧಿಗಳ್ಳರು ವ್ಯಾಸರಾಯರ ಬೃಂದಾವನವನ್ನು ಕೆಡವಿದರು. ಸುದ್ದಿ ತಿಳಿದ ಭಕ್ತರು ನಡುಗಡ್ಡೆಗೆ ಧಾವಿಸಿ ಬಂದು ಕೂಡಲೇ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

1994ರ ಆ ಎರಡು ರಾತ್ರಿಗಳಿಗೆ ಮರಳೋಣ. ಮಾಳಿಗೆಯ ಮೇಲೆ ಮಲಗಿದಾಗ ಅಜ್ಜನವರು ಕಂಪಿಲರಾಯನ ಕಥೆಯನ್ನು ಹೋದ ವರ್ಷ ನಡೆದ ಜಗಳದಂತೆ ಹೇಳಿದರು. ನಿಜಾಮನ ಕಾಲದಲ್ಲಿ ರಾತ್ರಿ ಹರಿಗೋಲಿನಲ್ಲಿ ಹೆಂಗಸರು ಮಕ್ಕಳನ್ನು ಆ ದಂಡೆಗೆ ಸಾಗಿಸಿದ ಕಥೆಯನ್ನು ಮಾತ್ರ ದನಿ ತಗ್ಗಿಸಿ ಹೇಳಿದರು. ಅದನ್ನು ಅವರು ಕಣ್ಣಾರೆ ಕಂಡಿದ್ದರು.

ಮೂರನೆಯ ದಿನ ಹೊಳೆ ಇಳಿಯಿತು, ನಾವು ಮನೆ ಸೇರಿದೆವು. ಸಂಬಂಧ ಮಾತ್ರ ಕೂಡಲಿಲ್ಲ. ನಮ್ಮ ಅತ್ತೆಯವರು ಬಾಯಿಬಿಟ್ಟು ಹೇಳಿದರು: "ಹುಡುಗಿ ಬಂಗಾರ. ಆದರೆ ಹೊಳೆ ಬಂದರೆ ಬಾಣಂತಿಗೆ ತವರು ಎಲ್ಲಿ? ಬೀಗರು ಕಷ್ಟಸುಖಕ್ಕೆ ಬರೋದು ಹೇಗೆ?" ಆ ಮಾತಿಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಎಷ್ಟು ಮನೆಗಳ ಮಾತುಕತೆ ಹೀಗೆ ನೀರಿನಲ್ಲಿ ಮುರಿಯಿತೋ, ಎಷ್ಟು ಗರ್ಭಿಣಿಯರು ದಂಡೆಯ ಮೇಲೆ ರಾತ್ರಿ ಕಳೆದರೋ, ಅದು ಯಾವ ಶಾಸನದಲ್ಲಿಯೂ ಇಲ್ಲ.

ಆದುದರಿಂದ ತಳವಾರಘಟ್ಟದಲ್ಲಿ ಸೇತುವೆಯ ಕೆಲಸ ಆರಂಭವಾದಾಗ ಊರವರು ಸಂತೋಷಪಟ್ಟರೆಂದರೆ ಆಶ್ಚರ್ಯವೇನು? ಆದರೆ ಹಂಪೆ 1986ರಲ್ಲಿಯೇ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ಸ್ಮಾರಕಗಳ ನಡುವೆ ದೊಡ್ಡ ಸೇತುವೆಯೂ ಅದರ ಮೇಲೆ ಲಾರಿಗಳ ಸಾಲೂ ಬಂದರೆ ಆ ಪರಿಸರವೇ ಕೆಡುತ್ತದೆಂದು ಆಕ್ಷೇಪ ಬಂದಿತು. 1999ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದರು; ಅಲ್ಲಿಂದ ಹೊರಬಂದುದು 2006ರಲ್ಲಿ. ನಡುವೆ ಸೇತುವೆಯ ಕೆಲಸ ವರ್ಷಗಟ್ಟಲೆ ನಿಂತಿತು, ಮತ್ತೆ ಸಾಗಿತು. 2009ರ ಜನವರಿಯಲ್ಲಿ ಅರೆಬರೆಯಾಗಿದ್ದ ಸೇತುವೆ ಕುಸಿದು ಕೆಲಸದಲ್ಲಿದ್ದ ಬಡ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೊನೆಗೆ ಸೇತುವೆ ಬಂದದ್ದು ಸ್ಮಾರಕಗಳಿಂದ ದೂರ, ಕೆಳಗಡೆ, ಬುಕ್ಕಸಾಗರಕ್ಕೂ ಕಡೇಬಾಗಿಲಿಗೂ ನಡುವೆ. ಆನೆಗೊಂದಿಯ ಕೋಟೆಯ ಕಡೆಯ ಬಾಗಿಲಿದ್ದ ಊರೇ ಕಡೇಬಾಗಿಲು. ಅದು ಈಗ ಮೊದಲ ಬಾಗಿಲಾಗಿದೆ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಸ್ಮಾರಕದ ಕಣ್ಣೆದುರು ಸೇತುವೆ ಬೇಡವೆಂದವರು ಹೇಳಿದ್ದರಲ್ಲಿ ಸತ್ಯವಿತ್ತು. ಆದರೆ ಬೇಡವೆನ್ನುವವರು ಬೇರೆ ದಾರಿಯನ್ನು ಮೊದಲ ದಿನವೇ ತೋರಿಸಬೇಕಾಗಿತ್ತು. ಕೆಳಗಡೆ ಕಟ್ಟಬಹುದಾಗಿದ್ದ ಸೇತುವೆಗಾಗಿ ಊರು ಅಷ್ಟು ವರ್ಷ ಕಾಯಬೇಕಾಗಿರಲಿಲ್ಲ. ಕಲ್ಲಿಗೆ ಕೊಟ್ಟ ಗೌರವದಲ್ಲಿ ಒಂದು ಪಾಲನ್ನಾದರೂ ಬಾಣಂತಿಗೆ ಕೊಡಬೇಕಷ್ಟೆ.

ಇಂಥ ಪ್ರಶ್ನೆ ಹಂಪೆಯಲ್ಲಿಯೂ ಎದ್ದಿತ್ತು. ವಿರೂಪಾಕ್ಷನ ಎದುರಿನ ತೇರಬೀದಿಯ ಹಳೆಯ ಸಾಲುಮಂಟಪಗಳಲ್ಲಿ ಬಹುಕಾಲದಿಂದ ಮನೆ ಅಂಗಡಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು 2011ರ ಜುಲೈ 29ರಂದು ತೆರವು ಮಾಡಲಾಯಿತು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಮಂಟಪಗಳಿಗೆ ಇಟ್ಟಿಗೆ ಗೋಡೆ ಕಟ್ಟಿ, ಮೇಲೆ ಸಿಮೆಂಟು ಹಾಕಿ ಅವರು ಕೆಡಿಸಿದ್ದೂ ನಿಜ. ಹುಣ್ಣಿಮೆಯ ದಿನ ಯಾತ್ರಿಕರಿಗೆ ನೀರು ನೆರಳು ಕೊಟ್ಟವರೂ ಅವರೇ. ಇಂದು ಬೀದಿ ಶುಭ್ರವಾಗಿದೆ, ಛಾಯಾಚಿತ್ರಕ್ಕೆ ಚೆನ್ನಾಗಿದೆ. ಸಂಜೆ ಆರು ಗಂಟೆಯ ಮೇಲೆ ಅಲ್ಲಿ ನಡೆದವರಿಗೆ ಏನು ಹೋಯಿತೆಂಬುದು ತಿಳಿಯುತ್ತದೆ.

ಆನೆಗೊಂದಿಗೆ ಆ ಗತಿ ಬಂದಿಲ್ಲ. ಆದರೆ 2002ರ ಕಾಯ್ದೆಯಂತೆ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುವ, ಎರಡೂ ದಂಡೆಗಳ 29 ಗ್ರಾಮಗಳಲ್ಲಿ ಅದೂ ಒಂದು. ಮನೆ ಕೆಡವುವುದಕ್ಕೂ ಕಟ್ಟುವುದಕ್ಕೂ ಅನುಮತಿ ಬೇಕು. 1997ರಲ್ಲಿ ಶಮಾ ಪವಾರ್ ಅವರು ಆರಂಭಿಸಿದ ಕಿಷ್ಕಿಂದಾ ಟ್ರಸ್ಟ್ ಇಲ್ಲಿ ಬಾಳೆಯ ನಾರಿನಿಂದ ಚೀಲ, ಬುಟ್ಟಿ, ಚಾಪೆಗಳನ್ನು ಹೆಣೆಯುವ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸಿತು. ಹಳೆಯ ಮನೆಗಳನ್ನು ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವ ದಾರಿಯನ್ನೂ ತೋರಿಸಿತು. ಗೊನೆ ಕಡಿದ ಮೇಲೆ ತಿಪ್ಪೆಗೆ ಹೋಗುತ್ತಿದ್ದ ದಿಂಡು ನಾಲ್ಕು ಕಾಸು ತರುವಂತಾಯಿತು. ಇದು ಕಲ್ಲನ್ನೂ ಜನರನ್ನೂ ಒಟ್ಟಿಗೆ ನೋಡಿದ ಕೆಲಸವೆಂದು ನಮ್ಮ ಎಣಿಕೆ. ಮಗ್ಗುಲಲ್ಲೇ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಲು ಬರುವ ಜನಸಾಗರವೂ ಹೆಚ್ಚಿದೆ. ಶನಿವಾರ ಬಂದರೆ ರಸ್ತೆಯಲ್ಲಿ ಎತ್ತಿನ ಗಾಡಿಗೆ ಜಾಗವಿಲ್ಲ.

ಇಂಗ್ಲೆಂಡಿನ ಹಳ್ಳಿಗಳ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕು. ಅಲ್ಲಿ 1086ರಲ್ಲಿಯೇ ಅರಸನು ಊರೂರಿನ ನೇಗಿಲು, ಗಿರಣಿ, ಒಕ್ಕಲುಗಳನ್ನು ಎಣಿಸಿ ಬರೆಯಿಸಿದ ದೊಡ್ಡ ಕಡತವಿದೆ. 1538ರಿಂದ ಪ್ರತಿಯೊಂದು ಇಗರ್ಜಿಯಲ್ಲಿಯೂ ಊರವರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆಯಾಯಿತು. ಆದುದರಿಂದ ಅಲ್ಲಿನ ಸಣ್ಣ ಹಳ್ಳಿಯ ಶಾಲಾಮಾಸ್ತರನೂ ತನ್ನ ಊರಿನ ಚರಿತ್ರೆಯನ್ನು, ಅರಸರ ಹೆಸರಿಲ್ಲದೆ, ಕಮ್ಮಾರ ಕುಂಬಾರರ ಹೆಸರಿನಿಂದಲೇ ಬರೆಯಬಲ್ಲ. ನಮ್ಮಲ್ಲಿ ದಾಖಲೆ ಇಲ್ಲವೆಂದಲ್ಲ. ಕರ್ನಲ್ ಮೆಕೆಂಜಿಯ ಕಾಲದಲ್ಲಿ ಊರೂರಿನ ಹಿರಿಯರಿಂದ ಬರೆಯಿಸಿದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಕಮಲಾಪುರದ ಪಕ್ಕದಲ್ಲಿಯೇ ಇರುವ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಪ್ರಕಟಿಸಿದರು. ಆದರೆ ಮಠದ ಕಡತ, ಶ್ಯಾನುಭೋಗರ ಲೆಕ್ಕ, ಸಾಹುಕಾರರ ವಹಿ ಮನೆಮನೆಯ ಅಟ್ಟದಲ್ಲಿಯೇ ಉಳಿದಿವೆ. ಗೆದ್ದಲು ತಿಂದಷ್ಟು ತಿಂದು ಮಿಕ್ಕುದು ರದ್ದಿಗೆ ಹೋಗುತ್ತಿದೆ.

ಸೋದರಿಯ ಪತ್ರ ಬಂದ ಮೇಲೆ, ಕಳೆದ ತಿಂಗಳು ನಾವು ಮತ್ತೆ ಆನೆಗೊಂದಿಗೆ ಹೋದೆವು. ಈ ಸಲ ಹರಿಗೋಲಿಲ್ಲ; ಬುಕ್ಕಸಾಗರದ ಸೇತುವೆಯ ಮೇಲೆ ಕಾರಿನಲ್ಲಿ ಎರಡು ನಿಮಿಷ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಇದೇ ಹೊಳೆಯಲ್ಲಿ ನುಗ್ಗಿದ ನೀರನ್ನು ನೆನೆದು ನಮ್ಮೊಡನಿದ್ದವರು ಕಿಟಕಿಯಿಂದ ಕೈಮುಗಿದರು.

ಅಜ್ಜನವರ ಮನೆಯನ್ನು ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಎರಡೂ ಪಕ್ಕದ ಮನೆಗಳು ಸಿಮೆಂಟಿನವಾಗಿವೆ. ನಡುವೆ ಅದೊಂದೇ ಹಳೆಯದು. ಅಜ್ಜ, ಅಜ್ಜಿ ಇಬ್ಬರೂ ಲಿಂಗೈಕ್ಯರಾಗಿ ಬಹಳ ವರ್ಷಗಳಾಗಿವೆ. ಮೊಮ್ಮಗನಿಗೆ ಈಗ ಮೂವತ್ತೈದರ ಮೇಲಿರಬಹುದು. ಅಂದು ನಮ್ಮ ತೊಡೆಯ ಮೇಲೆ ಕುಳಿತು ಬಾಳೆಹಣ್ಣು ತಿಂದ ಮಗು. ಗುರುತು ಹೇಳಿದಾಗ ಕಾಲುಮುಟ್ಟಿ ನಮಸ್ಕರಿಸಿ ಒಳಗೆ ಕರೆದ. ಮಾಳಿಗೆಯ ಒಂದು ಮೂಲೆ ಸೋರಿ ಗೋಡೆ ಕಪ್ಪಾಗಿತ್ತು.

"ಕಾಕಾರ, ಇದನ್ನ ಕೆಡವಿ ಆರ್‌ಸಿಸಿ ಹಾಕಬೇಕಂತ ಮಾಡೀನಿ," ಎಂದ. "ಪ್ರತಿ ವರ್ಷ ಮಳಿಗಿಂತ ಮೊದಲ ಮಣ್ಣು ಹಾಕಿ ಬಡಿಯೋರು ಯಾರು ಸಿಗ್ತಾರ? ಬಂದ ಮಂದಿ ಎಲ್ಲಾರೂ ಮನಿ ಚಂದ ಐತಿ, ಕೆಡವಬ್ಯಾಡ್ರಿ ಅಂತಾರ. ಸೋರೋದು ಅವರ ತಲಿಮ್ಯಾಲಲ್ಲಲ್ರೀ."

ನಾವು ಏನು ಹೇಳಬಹುದಾಗಿತ್ತು? ಹೊಸಪೇಟೆಯಲ್ಲಿ ನಮ್ಮದೇ ಮನೆ ಸಿಮೆಂಟಿನದು. ಮನೆಯನ್ನು ರಿಪೇರಿ ಮಾಡಿಸಿ ಒಂದು ಕೋಣೆಯನ್ನು ಅತಿಥಿಗಳಿಗೆ ಕೊಟ್ಟವರ ವಿಷಯವನ್ನು ಅವನೇ ಪ್ರಸ್ತಾಪಿಸಿದ. ಅದರಲ್ಲಿ ಆದಾಯವಿದೆ, ಆದರೆ ಕೈಯಲ್ಲಿ ಮೊದಲು ದುಡ್ಡು ಬೇಕು, ಕಾಗದಪತ್ರಕ್ಕೆ ಓಡಾಡಬೇಕು ಎಂದ. ಅವನ ಹೆಂಡತಿ ಚಹ ತಂದಿಟ್ಟು ನಡುವೆ ಮಾತು ಸೇರಿಸಿದಳು: "ಬ್ಯಾಸಿಗ್ಯಾಗ ಈ ಮನಿಯೊಳಗ ಫ್ಯಾನು ಬ್ಯಾಡ್ರೀ. ಬಾಜೂ ಮನಿಯವ್ರು ಮಧ್ಯಾಹ್ನ ಇಲ್ಲೇ ಬಂದು ಮಲಗತಾರ." ಅವನು ನಕ್ಕು ಸುಮ್ಮನಾದ.

ಹೊರಡುವ ಮುನ್ನ ಅವನು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದ. ಅಜ್ಜನವರ ಕಾಗದಗಳು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಲೆಕ್ಕದ ವಹಿ, ಮೋಡಿ ಅಕ್ಷರದ ಕೆಲವು ಪತ್ರಗಳು, ನಿಜಾಮ ಸರಕಾರದ ಮುದ್ರೆಯುಳ್ಳ ಒಂದು ಕಟ್ಟು ಉರ್ದು ಕಾಗದ. ಮನೆಯಲ್ಲಿ ಅವನ್ನು ಓದಬಲ್ಲವರು ಯಾರೂ ಇಲ್ಲ. ಮನೆ ಕೆಡವಿದರೆ ಇವನ್ನು ಎಲ್ಲಿಡುವುದೆಂದು ಕೇಳಿದ. ನಾವು ಹೊಸಪೇಟೆಗೆ ಮರಳಿ ಉರ್ದು ಬಲ್ಲ ನಿವೃತ್ತ ಶಿಕ್ಷಕರೊಬ್ಬರಿಗೆ ಮೊದಲ ಎರಡು ಹಾಳೆಗಳ ಚಿತ್ರ ತೋರಿಸಿದೆವು. ಒಂದು ಹೊಲದ ಕಂದಾಯದ ರಶೀದಿ. ಇನ್ನೊಂದು ಇದೇ ಮನೆಯ ಹಿತ್ತಿಲಿನ ಎಲ್ಲೆಯ ಬಗ್ಗೆ ಆದ ತಕರಾರಿನ ತೀರ್ಪು. ಪೂರ್ವಕ್ಕೆ ಬೇವಿನ ಮರ ಎಂದಿದೆಯಂತೆ. ಅಂದೇ ಸಂಜೆ ದೂರವಾಣಿಯಲ್ಲಿ ಅವನಿಗೆ ತಿಳಿಸಿದೆವು.

"ಆ ಬೇವಿನ ಗಿಡ ಈಗಲೂ ಐತ್ರೀ," ಎಂದ ಅವನು. ಸ್ವಲ್ಪ ತಡೆದು, "ಈ ಬ್ಯಾಸಿಗಿಗೆ ಮಾಳಗಿಗೆ ಮಣ್ಣು ಹಾಕಸ್ತೀನಿ. ಮುಂದಿನ ವರ್ಷದ ಮಾತು ಮುಂದಿನ ವರ್ಷ ನೋಡೋಣಂತ. ಉಳಿದ ಹಾಳಿ ಓದಸಾಕ ನೀವು ಯಾವಾಗ ಬರ್ತೀರಿ?" ಎಂದು ಕೇಳಿದ.